ನಾನು ಖಾರ ಎಂದಿದ್ದ ಡಬ್ಬ

ಗೋರ್ವಾ, ವಡೋದರಾ
ಗುರುವಾರ, ೯ ಮೇ ೧೯೯೬
ಮಧ್ಯಾಹ್ನ ಒಂದೂವರೆ ಗಂಟೆ

ಅದಿತಿಯ ಅಪ್ಪನಿಗೆ ತಾರಾಳ ನಮಸ್ಕಾರಗಳು.

ನಿಮ್ಮ ಸೊಂಟ ನೋವು ಹೇಗಿದೆ? ಸೂರತ್ತಿನ ಕತಾರ್‌ಗಾಮ್‌ನ ವಜ್ರದ ಸೇಠ್‌ಗಳ ಕಾರುಗಳನ್ನು ಬಗ್ಗಿ ಬಗ್ಗಿ ಉಜ್ಜಿ ಮತ್ತೆ ಹಿಡಿದುಕೊಂಡಿರಬೇಕು. ಜನಾರ್ದನ ಭಾವನ ಹೋಟೆಲಿನಲ್ಲೇ ಉಳಿದಿದ್ದೀರಿ, ಎರಡು ಹೊತ್ತು ಬಿಸಿ ಅನ್ನ ಸಿಗುತ್ತದೆ, ಗೊತ್ತು. ಆದರೆ ಪಾಲಿಶ್ ಬಟ್ಟೆ ಕೈಗೆ ಬಂದರೆ ಊಟ ಮರೆಯುವ ಗಿರಾಕಿ ನೀವು. ಹೊತ್ತಿಗೆ ಸರಿಯಾಗಿ ಉಣ್ಣಿ. ಇಲ್ಲಿ ನಾನು ಹುಷಾರಾಗಿದ್ದೇನೆ, ಅದಿತಿಯೂ ಹುಷಾರಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನೀವು ಕುಸಿದು ಕೂರಬಾರದು. ಅವಳ ಬಾಯಿಗೆ ಏನೂ ಹೋಗಿಲ್ಲ. ಕೈ ಸುಟ್ಟಿಲ್ಲ. ಸ್ವಲ್ಪ ಮೈ ಬಿಸಿ ಇದೆ, ಮಾತು ಕಡಿಮೆಯಾಗಿದೆ, ಅಷ್ಟೇ.

ಫೋನ್ ಯಾಕೆ ಮಾಡಲಿಲ್ಲ ಎಂದು ಬೈಯಬೇಡಿ. ನಮ್ಮ ಸೊಸೈಟಿ ಸೆಕ್ರೆಟರಿ ಮನೆಯ ಫೋನಿನಲ್ಲಿ ಈ ಮಾತು ಆಡುವ ಹಾಗಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಎಸ್‌ಟಿಡಿ ಬೂತಿಗೆ ಬೆಳಿಗ್ಗೆಯಿಂದ ಎರಡು ಸಲ ಹೋಗಿಬಂದೆ. ಮೊದಲ ಸಲ ಯಾರೋ ಸಪ್ಲೈಯರ್ ಎತ್ತಿ ನೀವು ಕೆಲಸಕ್ಕೆ ಹೋಗಿದ್ದೀರಿ ಎಂದ. ಎರಡನೇ ಸಲ ಭಾವನೇ ಎತ್ತಿ ಎಲ್ಲ ಸೌಖ್ಯವೇ ಎಂದು ಕೇಳಿದರು, ನನ್ನ ಬಾಯಿಂದ ಸೌಖ್ಯ ಎಂದೇ ಬಂತು. ಗಲ್ಲಾಪೆಟ್ಟಿಗೆಯ ಪಕ್ಕದ ಫೋನು ಅದು, ಗಿರಾಕಿಗಳು ನಿಂತಿರುತ್ತಾರೆ, ಅಲ್ಲಿ ಭಾವನಿಗೆ ನಾನು ಏನೆಂದು ಹೇಳಲಿ? ಎ ಬ್ಲಾಕಿನ ರಘುರಾಮ ರಾಯರು ಬ್ಯಾಂಕಿಗೆಂದು ದಿನಾ ಸೂರತ್‌ಗೆ ಅಪ್‌ಡೌನ್ ಮಾಡುತ್ತಾರಲ್ಲ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಸಂಜೆ ಏಳಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರೆ, ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮುಂಚೆ ನಿಮಗೆ ಮುಟ್ಟಿಸುತ್ತಾರೆ. ಲಕೋಟೆಗೆ ಗೋಂದು ಗಟ್ಟಿಯಾಗಿ ಹಚ್ಚುತ್ತೇನೆ. ನೀವೂ ಒಬ್ಬರೇ ಕೂತು ಓದಿ.

ನಿನ್ನೆ ಎದುರು ಮನೆಯ ಹಸುಮತಿಬೆನ್ ವರ್ಷದ ಹಪ್ಪಳಕ್ಕೆ ಕೂತಿದ್ದರು. ಪ್ರತಿ ಬೇಸಿಗೆಯ ಹಾಗೆ ನಮ್ಮ ಮಹಡಿಯ ಹೆಂಗಸರೆಲ್ಲ ಮಣೆ ಲಟ್ಟಣಿಗೆ ಹಿಡಿದು ಅವರ ಮನೆಗೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಅವರು ಉದ್ದಿನ ಹಿಟ್ಟು ಕಲಸುತ್ತಿರುವಾಗ ನಾನು ತಾರಸಿಯ ಮೇಲೆ ನಿಮ್ಮ ಪಾಲಿಶ್ ಬಟ್ಟೆಗಳನ್ನು ಒಗೆದು ಒಣಹಾಕುತ್ತಿದ್ದೆ. ಮೇಣ ಹಿಡಿದ ಬಟ್ಟೆ ಒಂದು ಸೋಪಿಗೆ ಬಿಡುವುದಿಲ್ಲ, ಹೊತ್ತು ಹಿಡಿಯಿತು. ಇಳಿದು ಬರುವಷ್ಟರಲ್ಲಿ ಅವರು ಹಿಟ್ಟನ್ನು ಒನಕೆಯಿಂದ ಕುಟ್ಟಿ, ಎಣ್ಣೆ ಸವರಿ, ಉಂಡೆ ಕತ್ತರಿಸಿ ತಟ್ಟೆ ತುಂಬಿಸಿದ್ದರು. ಆ ಹಸಿ ಹಿಟ್ಟಿನ ಉಂಡೆಯನ್ನೇ ಎಣ್ಣೆಯಲ್ಲಿ ಅದ್ದಿ ತಿನ್ನುವ ಇವರ ಚಪಲ ನಿಮಗೆ ಗೊತ್ತು. ಲುವಾ ಎಂದರೆ ಸಾಕು, ಮಕ್ಕಳು ಪಂಕ್ತಿ ಕೂತುಬಿಡುತ್ತವೆ. ನಿನ್ನೆಯೂ ಆರು ಮಕ್ಕಳು ಕೂತಿದ್ದವು. ಎಲ್ಲರ ಕೈಗೂ ಒಂದೊಂದು ಉಂಡೆ ಬಂದಿತ್ತು. ನನ್ನ ಕೈಯಲ್ಲೂ ಒಂದು. ಉಪ್ಪು ಸರಿಯಾಗಿದೆಯೇ ನೋಡುತ್ತೇನೆ, ತಡೆಯಿರಿ ಎಂದು ಹಸುಮತಿಬೆನ್ ಮೊದಲು ತಾವು ಬಾಯಿಗೆ ಹಾಕಿಕೊಂಡರು.

ಅವರು ಕೂಗಲಿಲ್ಲ. ಕೂಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲವೋ ಏನೋ. ಬಾಯಿಗೆ ಕೈ ಅಡ್ಡ ಹಿಡಿದು ಎದ್ದವರು ಉಗುಳಿದರು, ಮತ್ತೆ ಉಗುಳಿದರು, ಆಮೇಲೆ ಒಂದೊಂದೇ ಮಗುವಿನ ಕೈಗೆ ಹೊಡೆದು ಹೊಡೆದು ಉಂಡೆ ಕೆಡವಿದರು. ಅದಿತಿಯ ಕೈಗೂ ಹೊಡೆದರು. ಅವಳ ಉಂಡೆ ತುಟಿಯ ಹತ್ತಿರ ಹೋಗಿತ್ತು. ನಾನು ಕಣ್ಣಾರೆ ಕಂಡಿದ್ದೇನೆ, ನಾಲ್ಕು ಬೆರಳಿನಷ್ಟೂ ದೂರ ಇರಲಿಲ್ಲ. ಅಷ್ಟರಲ್ಲಿ ಹಸುಮತಿಬೆನ್ ತುಟಿ ಬಿಳುಚಿಕೊಂಡು ಊದಿತ್ತು, ಜೊಲ್ಲು ನಿಲ್ಲುತ್ತಿರಲಿಲ್ಲ. ಅವರ ಗಂಡನನ್ನು ಕರೆಸಿ ರಿಕ್ಷಾದಲ್ಲಿ ಅಲ್ಕಾಪುರಿಯ ಕಡೆಯ ಒಂದು ಆಸ್ಪತ್ರೆಗೆ ಕರೆದೊಯ್ದರು. ಹೋಗುವ ಮೊದಲು ಯಾರೋ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡಿದರು. ನಾನೇ ಲೋಟ ಹಿಡಿದಿದ್ದೆ. ಅವರಿಗೆ ನುಂಗಲಿಕ್ಕಾಗದೆ ನೀರೆಲ್ಲ ನನ್ನ ಸೀರೆಯ ಮೇಲೆ ಬಂತು.

ಹಪ್ಪಳದ ಹಿಟ್ಟಿಗೆ ಇವರು ಒಂದು ಬಿಳಿ ಪುಡಿ ಹಾಕುತ್ತಾರೆ. ಅದನ್ನು ನೀರಿಗೆ ಹಾಕಿ ಕುದಿಸಿ, ಆ ನೀರಿನಲ್ಲಿ ಹಿಟ್ಟು ಕಲಸುತ್ತಾರೆ, ಹಪ್ಪಳ ಹಗುರವಾಗಿ ಅರಳಲಿಕ್ಕೆ. ನಮ್ಮ ಕುಂದಾಪುರದ ಕಡೆ ಹಲಸಿನ ಹಪ್ಪಳಕ್ಕೆ ಅಂಥದ್ದೇನೂ ಹಾಕದ ಕಾರಣ ನಾನು ಅದರ ಹೆಸರನ್ನೇ ಕೇಳಿರಲಿಲ್ಲ. ನಿನ್ನೆ ಹೆಂಗಸರು ಆ ಹೆಸರು ಹಿಡಿದು ಜೋರುಜೋರಾಗಿ ಮಾತಾಡುವಾಗಲೇ ನಾನು ಕೇಳಿದ್ದು. ಅದಕ್ಕೆ ಇವರು ಖಾರ್ ಅನ್ನುತ್ತಾರಂತೆ.

ಈಗ ನಿಮಗೆ ಗೊತ್ತಾಗಿರಬೇಕು. ನನಗೆ ಆಗಲೂ ಗೊತ್ತಾಗಲಿಲ್ಲ ನೋಡಿ. ಮನೆಗೆ ಬಂದು ಅದಿತಿಯನ್ನು ಹುಡುಕಿದರೆ ಮಂಚದ ಕೆಳಗೆ ಥಿನ್ನರ್ ಕ್ಯಾನಿನ ಹಿಂದೆ ಮುದುಡಿ ಕೂತಿದ್ದಳು. ಮುಷ್ಟಿ ಬಿಡಿಸಿದರೆ ಒಂದು ರೂಪಾಯಿ ನಾಣ್ಯ. ಎಲ್ಲಿಂದ ಬಂತು ಎಂದು ಕೇಳಿದೆ. ಹಸುಮತಿಬೆನ್‌ಗೆ ಖಾರ್ ಕಡಿಮೆ ಬಿದ್ದು, ಶಂಭುಭಾಯಿಯ ಕಿರಾಣಿ ಅಂಗಡಿಯಿಂದ ತಾ ಎಂದು ಇವಳ ಕೈಗೆ ರೂಪಾಯಿ ಕೊಟ್ಟು ಕಳಿಸಿದ್ದರಂತೆ. ಅಂಗಡಿ ರಸ್ತೆಯ ಆಚೆ ಬದಿ. ಒಬ್ಬಳೇ ರಸ್ತೆ ದಾಟಬಾರದು ಎಂದು ನಾನು ದಿನಾ ಬೆಳಿಗ್ಗೆ ಹೇಳುತ್ತೇನೆ. ಹಾಗಾಗಿ ಇವಳು ರಸ್ತೆ ದಾಟಲಿಲ್ಲ, ಗೇಟಿನಿಂದಲೇ ಮತ್ತೆ ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಗೆ ಬಂದು, ನೀಲಿ ಮುಚ್ಚಳದ ಡಬ್ಬದಿಂದ ಚಮಚದಲ್ಲಿ ತೆಗೆದು, ಪೇಪರಿನಲ್ಲಿ ಕಟ್ಟಿ ಕೊಟ್ಟು ಬಂದಿದ್ದಾಳೆ. ಅವಳ ಕನ್ನಡ ನಿಮಗೆ ಗೊತ್ತಲ್ಲ, ಅರ್ಧ ಗುಜರಾತಿ. ಅಳುತ್ತಾ ಹೇಳಿದಳು:

"ಮಮ್ಮಿ, ನೀನೇ ತೋ ಹೇಳಿದ್ದಿ, ಅದು ಖಾರ ಅಂತ. ಮಾಸೀಗೆ ಖಾರ್ ಬೇಕಿತ್ತು."

ನೀಲಿ ಮುಚ್ಚಳದ ಡಬ್ಬದಲ್ಲಿ ಇದ್ದದ್ದು ಎಂಜಿನ್ನಿನ ಜಿಡ್ಡು ತೆಗೆಯುವ ನಿಮ್ಮ ಕಾಸ್ಟಿಕ್ ಸೋಡಾ. ನಾನು ಅಲ್ಲೇ ನೆಲದ ಮೇಲೆ ಕೂತೆ. ಆರು ವರ್ಷದ ಮಗುವಿಗೆ ಕಾಸ್ಟಿಕ್ ಎಂದರೆ ಏನು ಅರ್ಥವಾಗುತ್ತದೆ ಎಂದುಕೊಂಡು, ಅದು ಖಾರ, ಮುಟ್ಟಿದರೆ ಕೈ ಉರಿಯುತ್ತದೆ ಎಂದು ಹೆದರಿಸಿ ಇಟ್ಟವಳು ನಾನು. ಮೆಣಸಿನ ಪುಡಿಗೆ ಹೆದರಿದ ಹಾಗೆ ಹೆದರುತ್ತಾಳೆ ಎಂದು ನನ್ನ ಲೆಕ್ಕ. ಅವಳಿಗೆ ಖಾರ ಎಂದರೆ ಎದುರು ಮನೆಯ ಮಾಸಿ ಹಪ್ಪಳಕ್ಕೆ ಹಾಕುವ ಬಿಳಿ ಪುಡಿ ಎಂದು ನನಗೆ ಹೇಗೆ ಹೊಳೆಯಬೇಕು?

ಕೂತು ಯೋಚಿಸಿದರೆ ಎಲ್ಲವೂ ನನ್ನ ಕಡೆಗೇ ಬೆರಳು ತೋರಿಸುತ್ತದೆ. ಕಳೆದ ದೀಪಾವಳಿಗೆ ಮೊದಲು ನೀವು ಎಲ್ಲವನ್ನೂ ಅಂಗಡಿಯಿಂದ ತಂದ ಹಾಗೆಯೇ, ಹೆಸರು ಅಂಟಿಸಿದ ಡಬ್ಬಗಳಲ್ಲೇ ಬಾಲ್ಕನಿಯಲ್ಲಿ ಇಡುತ್ತಿದ್ದಿರಿ. ಥಿನ್ನರ್ ವಾಸನೆ ಎಂದು ಮೇಲಿನ ಮನೆಯವರು ದೂರು ಕೊಟ್ಟು, ವಸತಿ ಕಟ್ಟಡದಲ್ಲಿ ಧಂಧೆಯ ಸಾಮಾನು ಇಟ್ಟರೆ ಮನೆ ಖಾಲಿ ಮಾಡಿಸುತ್ತೇನೆ ಎಂದು ಸೆಕ್ರೆಟರಿ ನೋಟೀಸು ಅಂಟಿಸಿದಾಗ ನೀವು ಗ್ಯಾರೇಜಿನ ಬಾಡಿಗೆ ವಿಚಾರಿಸಲು ಹೊರಟಿರಿ. ಬೇಡ ಎಂದವಳು ನಾನು. ಗೀರು ಅಳಿಸುವ ರಬ್ಬಿಂಗ್ ಕಾಂಪೌಂಡನ್ನು ಉಪ್ಪಿನಕಾಯಿ ಜಾಡಿಗೆ, ಮೇಣವನ್ನು ತುಪ್ಪದ ಡಬ್ಬಕ್ಕೆ, ಕಾಸ್ಟಿಕ್ಕನ್ನು ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿಸಿದವಳು ನಾನು. ಕಾರು ಉಜ್ಜುವ ಬಫಿಂಗ್ ಯಂತ್ರವನ್ನು ಅಕ್ಕಿಚೀಲದಲ್ಲಿ ಸುತ್ತಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಮೇಲೆ ಎರಡು ಕಟ್ಟು ಸೊಪ್ಪು ಕಾಣುವ ಹಾಗೆ ಸಿಕ್ಕಿಸಿ ನಿಮ್ಮನ್ನು ಕಳಿಸುತ್ತಿದ್ದೆ. ಈ ಕರ್ನಾಟಕದವರು ಎಲ್ಲಿ ಹೋದರೂ ಉಪ್ಪಿನಕಾಯಿ ಹೊತ್ತುಕೊಂಡೇ ಹೋಗುತ್ತಾರೆ ಎಂದು ವಾಚ್‌ಮನ್ ನಗುವಾಗ ನಾವಿಬ್ಬರೂ ಒಳಗೆ ಬಂದು ಬಾಗಿಲು ಹಾಕಿಕೊಂಡು ನಗುತ್ತಿದ್ದೆವು. ನೀವು ಮಾತ್ರ ಒಂದು ಮಾತು ಹೇಳಿದ್ದಿರಿ, ಕಾಸ್ಟಿಕ್ ಅಟ್ಟದಿಂದ ಇಳಿಯಬಾರದು ಎಂದು. ಹೋದ ವಾರ ನಿಮಗೆ ಮೇಣ ಕಳಿಸಬೇಕೆಂದು ಅಟ್ಟದ ಸಾಮಾನೆಲ್ಲ ಇಳಿಸಿದೆ. ಮೇಣ ರಾಯರ ಕೈಯಲ್ಲಿ ಸೂರತ್‌ಗೆ ಹೋಯಿತು. ನೀಲಿ ಮುಚ್ಚಳದ್ದನ್ನು ನಾಳೆ ಹತ್ತಿಸೋಣ ಎಂದು ಅಕ್ಕಿ ಡಬ್ಬದ ಪಕ್ಕ ಬಿಟ್ಟೆ. ಏಳು ದಿನ ನಾಳೆ ನಾಳೆ ಎಂದೇ ಹೋಯಿತು.

ಈಗ ಇಲ್ಲಿ ಆಗಿರುವುದನ್ನು ಕೇಳಿ. ಖಾರ್ ಅಂಗಡಿಯಿಂದ ಬಂದದ್ದೆಂದೇ ಎಲ್ಲರೂ ನಂಬಿದ್ದಾರೆ. ನಿನ್ನೆ ಸಂಜೆ ನಮ್ಮ ಸೊಸೈಟಿಯ ಗಂಡಸರು ಹತ್ತಿಪ್ಪತ್ತು ಮಂದಿ ಹೋಗಿ ಶಂಭುಭಾಯಿಯ ಅಂಗಡಿಯ ಗಾಜಿನ ಭರಣಿಗಳನ್ನು ಒಡೆದರು. ಆ ಮುದುಕ ತನ್ನ ಖಾರ್ ಒಂದು ಚಿಟಿಕೆ ತೆಗೆದು ಎಲ್ಲರ ಎದುರು ನಾಲಿಗೆಗೆ ಹಾಕಿಕೊಂಡು ತೋರಿಸಿದ. ಅದು ಬೇರೆ ಪೊಟ್ಟಣ, ಕೊಟ್ಟದ್ದು ಬೇರೆ ಎಂದು ಅವನ ಕುತ್ತಿಗೆಪಟ್ಟಿ ಹಿಡಿದರು. ತಾನು ನಿನ್ನೆ ಯಾವ ಮಗುವಿಗೂ ಖಾರ್ ಕೊಡಲೇ ಇಲ್ಲ ಎಂದು ಅವನು ಹೇಳುತ್ತಲೇ ಇದ್ದ, ನಾನು ಕಿಟಕಿಯ ಪರದೆಯ ಹಿಂದೆ ನಿಂತು ಕೇಳುತ್ತಲೇ ಇದ್ದೆ. ಅದಿತಿ ಹುಟ್ಟಿದಾಗ ಬಾಣಂತಿಗೆಂದು ಹಳೇ ಬೆಲ್ಲ ಹುಡುಕಿ ತಂದುಕೊಟ್ಟವನು ಅವನು. ಇವತ್ತು ಅಂಗಡಿ ಮುಚ್ಚಿದೆ. ಮಾಲು ಎಲ್ಲಿಂದ ತರಿಸುತ್ತೀ ಎಂದು ಕೇಳಲು ಪೊಲೀಸರು ಬೆಳಿಗ್ಗೆಯೇ ಅವನನ್ನು ಕರೆದುಕೊಂಡು ಹೋದರು, ಇನ್ನೂ ಬಂದಿಲ್ಲ.

ಹಸುಮತಿಬೆನ್ ಬಾಯಿಯೆಲ್ಲ ಬೆಂದ ಹಾಗಾಗಿದೆಯಂತೆ, ಗಂಟಲಿಗೆ ಎಷ್ಟು ಇಳಿದಿದೆ ಗೊತ್ತಿಲ್ಲವಂತೆ. ಹಿಟ್ಟಿನಲ್ಲಿ ಏನಿತ್ತು, ಏನಿತ್ತು ಎಂದು ಡಾಕ್ಟರು ಕೇಳುತ್ತಲೇ ಇದ್ದಾರೆ, ಅವರ ಗಂಡ ಖಾರ್, ಉಪ್ಪು, ಮೆಣಸು ಎನ್ನುತ್ತಲೇ ಇದ್ದಾರೆ. ಉತ್ತರ ಗೊತ್ತಿರುವವಳು ನಾನೊಬ್ಬಳೇ, ಇಲ್ಲಿ ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೇನೆ. ನನಗೆ ಹೆದರಿಕೆಯಾಗುತ್ತಿದೆ. ಹೇಳಿದರೆ ಸೆಕ್ರೆಟರಿ ಪೊಲೀಸರನ್ನು ಕರೆದುಕೊಂಡೇ ಒಳಗೆ ಬರುತ್ತಾರೆ, ಒಂದೊಂದೇ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯುತ್ತಾರೆ. ಮನೆ ಹೋಗುತ್ತದೆ. ನಿಮ್ಮ ಕೆಲಸ ಹೋಗುತ್ತದೆ. ವಿಷ ಹಾಕಿದವರು ಎಂದು ನಿಮ್ಮನ್ನೋ ನನ್ನನ್ನೋ ಎಳೆದುಕೊಂಡು ಹೋದರೆ ಮಗುವನ್ನು ಯಾರು ನೋಡುತ್ತಾರೆ? ನಿನ್ನೆ ಶಂಭುಭಾಯಿಯ ಕುತ್ತಿಗೆ ಹಿಡಿದ ಕೈಗಳನ್ನು ನಾನು ಕಂಡಿದ್ದೇನೆ. ಅವೆಲ್ಲ ಗುರುತಿನ ಕೈಗಳೇ, ಹೋಳಿಯಲ್ಲಿ ನಮಗೆ ಬಣ್ಣ ಹಚ್ಚಿದವೇ. ಬೆಳಿಗ್ಗೆ ಆ ಡಬ್ಬವನ್ನು ಬಚ್ಚಲಿಗೆ ಸುರಿದುಬಿಡೋಣ ಎಂದು ಮುಚ್ಚಳವನ್ನೂ ತೆಗೆದಿದ್ದೆ. ಸುರಿದರೆ ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದಕ್ಕೇ ಕೈ ಬರಲಿಲ್ಲ. ಅದು ಧೈರ್ಯವೋ ಹೇಡಿತನವೋ ನನಗೆ ತಿಳಿಯದು.

ಇನ್ನೊಂದು ಇದೆ, ಬರೆಯಲು ನಾಚಿಕೆಯಾಗುತ್ತದೆ. ನಾಲ್ಕು ಗಂಟೆಗೆ ಕಾನ್‌ಸ್ಟೇಬಲ್ ಬಂದು ಅದಿತಿಯನ್ನು ಕೇಳುತ್ತಾನಂತೆ, ಪೊಟ್ಟಣ ಯಾರು ಕೊಟ್ಟರು ಎಂದು. ಹಸುಮತಿಬೆನ್ ಗಂಡನೇ ಬಂದು ಹೇಳಿಹೋದರು, ಹೆದರಬೇಡ ಮಗಳೇ, ಇದ್ದದ್ದು ಇದ್ದ ಹಾಗೆ ಹೇಳು ಎಂದು ಅವಳ ತಲೆ ಸವರಿದರು. ಅವರು ಹೋದ ಮೇಲೆ ನಾನು ಅವಳನ್ನು ಕೂರಿಸಿಕೊಂಡು ಕಲಿಸಿದೆ. ಅಂಗಡಿಗೆ ಹೋದೆ, ರೂಪಾಯಿ ಕೊಟ್ಟೆ, ಶಂಭುಕಾಕಾ ಪೊಟ್ಟಣ ಕೊಟ್ಟರು. ಮೂರೇ ಮಾತು. ಗುಜರಾತಿಯಲ್ಲಿ ಹೇಗೆ ಹೇಳುತ್ತೀ ಹೇಳು ಎಂದೆ. ಒಂದೂ ತಪ್ಪಿಲ್ಲದೆ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈಕಟ್ಟಿ ನಿಂತು ಹೇಳಿದಳು. ಹೇಳಿ ನನ್ನ ಮುಖ ನೋಡಿದಳು, ಸರಿಯಾಯಿತಾ ಎಂದು. ಕನ್ನಡದ ನಾಲ್ಕು ಸಾಲು ಕಲಿಸಲು ನನಗೆ ತಿಂಗಳು ಹಿಡಿದಿತ್ತು, ಸುಳ್ಳು ಕಲಿಸಲು ಐದು ನಿಮಿಷ ಹಿಡಿಯಲಿಲ್ಲ. ಆಗಿನಿಂದ ಅವಳನ್ನು ನೋಡಿದರೂ ನನಗೆ ಭಯವಾಗುತ್ತದೆ.

ನೀವು ಹತ್ತಿರ ಇದ್ದಿದ್ದರೆ ಏನು ಹೇಳುತ್ತಿದ್ದಿರಿ? ಸುಮ್ಮನಿರು ಎನ್ನುತ್ತಿದ್ದಿರಾ? ಅನ್ನಲಾರಿರಿ. ಬೇರೆಯವರ ಕಾರಿನಲ್ಲಿ ಮೊದಲೇ ಇದ್ದ ಗೀರನ್ನೂ ತೋರಿಸಿ, ಇದು ನನ್ನದಲ್ಲ, ನೋಡಿಕೊಳ್ಳಿ ಎಂದು ಹೇಳಿಯೇ ಕೆಲಸಕ್ಕೆ ಕೈ ಹಾಕುವವರು ನೀವು. ಆದರೂ ಒಮ್ಮೊಮ್ಮೆ ಅನಿಸುತ್ತದೆ, ಈ ಸಲ ಸುಮ್ಮನಿರು ಎಂದು ನೀವೇ ಅನ್ನಲಿ, ನಿಮ್ಮ ಮಾತಿನ ಹಿಂದೆ ನಾನು ಅಡಗಿಕೊಳ್ಳುತ್ತೇನೆ ಎಂದು. ಈ ಕಾಗದ ನಿಮಗೆ ಸಿಗುವುದು ನಾಳೆ, ಕಾನ್‌ಸ್ಟೇಬಲ್ ಬರುವುದು ಇವತ್ತು. ಗಡಿಯಾರ ಎರಡೂವರೆ ತೋರಿಸುತ್ತಿದೆ. ನಿಮ್ಮನ್ನು ಕೇಳುವ ಹಾಗೂ ಇಲ್ಲ, ಕೇಳದೆ ಇರಲೂ ಆಗುವುದಿಲ್ಲ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ಹೇಗಾದರೂ ಬೇಗ ಹೊರಟು ಬನ್ನಿ. ಭಾವನಿಗೆ ಮತ್ತು ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಏನೂ ಗೊತ್ತಾಗದ ಹಾಗೆ ಹೇಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಹಸುಮತಿಬೆನ್ ಅವರನ್ನು ಅದಕ್ಕಿಂತ ಮೊದಲು.

ನಿಮ್ಮ
ತಾರಾ

ತಾ.ಕ.: ಏಳಾಗುತ್ತಾ ಬಂತು, ರಾಯರು ಕೆಳಗೆ ನಿಂತಿದ್ದಾರೆ, ಅಕ್ಷರ ವಕ್ರವಾದರೆ ಕ್ಷಮಿಸಿ. ನಾನು ಹೇಳಿಬಿಟ್ಟೆ. ನಾಲ್ಕರವರೆಗೆ ಕಾಯಲು ಆಗಲಿಲ್ಲ. ಮೂರಕ್ಕೆ ಅದಿತಿಯನ್ನೂ ಆ ಡಬ್ಬವನ್ನೂ ಎತ್ತಿಕೊಂಡು ರಿಕ್ಷಾ ಹತ್ತಿದೆ. ಡಾಕ್ಟರ ಎದುರು ಗುಜರಾತಿ ಬರಲೇ ಇಲ್ಲ, ಮೊದಲು ಕನ್ನಡದಲ್ಲೇ ಎಲ್ಲ ಹೇಳಿದೆ, ಅವರು ಕಣ್ಣು ಬಿಟ್ಟು ನೋಡಿದರು. ಆಮೇಲೆ ಕಾಸ್ಟಿಕ್ ಎಂದೆ. ಅದೊಂದು ಮಾತು ಸಾಕಾಯಿತು, ಎದ್ದು ಓಡಿದರು. ನಿನ್ನೆಯೇ ಹೇಳಬಾರದಿತ್ತೇ ಎಂದು ಆಮೇಲೆ ಬಂದು ಬೈದರು, ಬೈಸಿಕೊಂಡೆ. ಹಸುಮತಿಬೆನ್ ಬಗ್ಗೆ ಇನ್ನು ಎರಡು ದಿನ ಏನೂ ಹೇಳಲಾಗದಂತೆ. ಅಲ್ಲಿಂದ ಠಾಣೆಗೆ ಹೋಗಿ ಬರೆದುಕೊಟ್ಟು ಬಂದೆ, ಶಂಭುಭಾಯಿಯನ್ನು ಬಿಟ್ಟಿದ್ದಾರೆ, ನನ್ನ ಮುಖ ನೋಡದೆ ಹೋದ. ಡಬ್ಬಗಳ ಮಾಲೀಕ ನೀವಾದ್ದರಿಂದ ನಾಳೆ ನೀವು ಠಾಣೆಗೆ ಬರಬೇಕಂತೆ. ಸೆಕ್ರೆಟರಿಗೂ ಸುದ್ದಿ ಮುಟ್ಟಿದೆ. ಅದೆಲ್ಲ ನೀವು ಬಂದ ಮೇಲೆ.

ನಿಮಗೆ ಹೇಳಬೇಕಾದ್ದು ಬೇರೆ ಇದೆ. ಹಸುಮತಿಬೆನ್ ಗಂಡ ನನ್ನ ಮೇಲೆ ಕೂಗುತ್ತಿದ್ದಾಗ ಅವರು ಮಲಗಿದ್ದಲ್ಲಿಂದಲೇ ಕೈ ಆಡಿಸಿ ಕಾಗದ ಕೇಳಿದರು. ಬಾಯಿ ತೆರೆಯಲಾಗದು, ಮುಖವೆಲ್ಲ ಊದಿದೆ. ಔಷಧಿಯ ಚೀಟಿಯ ಹಿಂದೆ ನಿಧಾನವಾಗಿ ಬರೆದು ನನ್ನ ಕೈಗೆ ಕೊಟ್ಟರು. ಮನೆ ಖಾಲಿ ಮಾಡಿ ಎಂದೋ, ಕೇಸು ಹಾಕುತ್ತೇನೆ ಎಂದೋ ಬರೆದಿರಬೇಕೆಂದುಕೊಂಡೇ ಓದಿದೆ. "ಛೋಕ್ರೀನೇ ಮಾರ್‌ಶೋ ನಹೀಂ" ಎಂದಿತ್ತು. ಹುಡುಗಿಗೆ ಹೊಡೆಯಬೇಡಿ, ಅಷ್ಟೇ.

ಮೇಲೆ ನಿಮಗೆ ಬರೆಯದೆ ಮುಚ್ಚಿಟ್ಟೆ. ನಿನ್ನೆ ಅವಳನ್ನು ಮಂಚದ ಕೆಳಗಿನಿಂದ ಎಳೆದು ಲಟ್ಟಣಿಗೆಯಿಂದ ಹೊಡೆದಿದ್ದೇನೆ, ಬೆನ್ನಿನ ಮೇಲೆ, ಬಹಳ. ಜ್ವರ ಬಂದದ್ದು ಅದಕ್ಕೇ. ರಸ್ತೆ ದಾಟಬೇಡ ಎಂದೆ, ದಾಟಲಿಲ್ಲ. ಅದು ಖಾರ ಎಂದೆ, ನಂಬಿದಳು. ನನ್ನ ಮಾತು ಕೇಳಿದ್ದಕ್ಕೆ ಹೊಡೆದೆ. ನೀವು ಬಂದು ಅವಳನ್ನು ಎತ್ತಿಕೊಳ್ಳುವಾಗ ಬೆನ್ನು ಮುಟ್ಟಬೇಡಿ.